ಬಾಗಿಲು ತೆರೆದಿಟ್ಟರೆ ಸಾಕೇ?

ಒಬ್ಬರಿಗೆ ಒಳ್ಳೆಯದನ್ನು ಮಾಡಲು ಹೊರಟವರು ತಾವು ಮಾಡುತ್ತಿರುವುದೇನೆಂದು ಅವರಿಗೆ ಹೇಳಬೇಕೆ, ಬೇಡವೆ? ಹೇಳಿದರೆ ಹೆದರಿ ಹಿಂದೆ ಸರಿದಾರು ಎಂಬ ಅಳುಕು ಇದ್ದಾಗ? ಈ ಪ್ರಶ್ನೆ ನಮಗೆ ಎದುರಾದದ್ದು ಯಾವ ಧರ್ಮಗ್ರಂಥದ ಪುಟದಲ್ಲಿಯೂ ಅಲ್ಲ. ನಮ್ಮ ಸಂಘದ ವಾಚನಾಲಯದ ಮೂಲೆಯಲ್ಲಿರುವ ನಾಲ್ಕು ಹಳೆಯ ಕಂಪ್ಯೂಟರುಗಳ ಮುಂದೆ.

ಸಂಗತಿ ಇಷ್ಟು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಮುಂದಿನ ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ತಕ್ಕಮಟ್ಟಿಗೆ ಹೊಸದಾದ ಪ್ರೊಸೆಸರೂ ಇರಬೇಕು. ನಮ್ಮ ನಾಲ್ಕರಲ್ಲಿ ಒಂದಕ್ಕೂ ಆ ಯೋಗ್ಯತೆ ಇರಲಿಲ್ಲ. ಹೊಸದನ್ನು ಕೊಳ್ಳೋಣವೆಂದರೆ ಖಜಾಂಚಿಗಳು ಕಟ್ಟಡ ನಿಧಿಯ ಕಡೆ ಬೆರಳು ತೋರಿಸಿದರು. ಆಗ ಸಮಿತಿಯಲ್ಲಿರುವ ನಾವು ಕೆಲವರು ಸೇರಿ ಲಿನಕ್ಸ್ ಹಾಕುವುದೆಂದು ತೀರ್ಮಾನಿಸಿದೆವು. ಅದೂ ವಿಂಡೋಸಿನಂತೆಯೇ ಯಂತ್ರಕ್ಕೂ ನಮಗೂ ನಡುವೆ ನಿಂತು ಕೆಲಸ ನಡೆಸುವ ಮೂಲ ತಂತ್ರಾಂಶ. ಹಣ ಕೊಡಬೇಕಾಗಿಲ್ಲ, ಹಳೆಯ ಯಂತ್ರದಲ್ಲಿಯೂ ಓಡುತ್ತದೆ. ಇಲ್ಲಿಯವರೆಗೆ ತಪ್ಪೇನೂ ಇಲ್ಲ.

ತಪ್ಪಿದ್ದು ಮುಂದೆ. ‘ಹೊಸದೆಂದರೆ ನಮ್ಮವರು ಗಾಬರಿಯಾಗುತ್ತಾರೆ, ಯಾರಿಗೂ ಹೇಳುವುದು ಬೇಡ’ ಎಂದು ನಾವೇ ನಿಶ್ಚಯಿಸಿ, ಅದರ ಮುಖವನ್ನು ಹಳೆಯದರಂತೆಯೇ ಸಿಂಗರಿಸಿದೆವು. ಅದೇ ನೀಲಿ ಹಿನ್ನೆಲೆ, ಎಡಗಡೆ ಕೆಳಗೆ ಅದೇ ಗುಂಡಿ, ಅದೇ ಹೆಸರಿನ ಚಿತ್ರಗಳು. ಹೊಸಬರನ್ನು ಆಕರ್ಷಿಸುವುದಕ್ಕೆ ಇದಕ್ಕಿಂತ ಜಾಣತನದ ಉಪಾಯ ಇಲ್ಲವೆಂದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು.

ನಮ್ಮ ಪತ್ರಿಕೆಯ ಅಕ್ಷರ ಜೋಡಣೆಯನ್ನು ಇಪ್ಪತ್ತು ವರ್ಷಗಳಿಂದ ಒಂದು ಪೈಸೆಯೂ ಮುಟ್ಟದೆ ಮಾಡುತ್ತಿರುವವರು ನಾವೆಲ್ಲ ಅಕ್ಕ ಎಂದು ಕರೆಯುವ ಹಿರಿಯ ಸದಸ್ಯೆ. ಶನಿವಾರ ಬಂದು ಕುಳಿತರು. ಹಳೆಯ ಸಂಚಿಕೆಯೊಂದನ್ನು ತೆರೆದರು. ಪರದೆಯ ಮೇಲೆ ಕನ್ನಡವಿಲ್ಲ. ರೋಮನ್ ಅಕ್ಷರ, ಚುಕ್ಕೆ, ಕೊಕ್ಕೆಗಳ ಕಲಸುಮೇಲೋಗರ. ಇನ್ನೊಂದನ್ನು ತೆರೆದರು, ಅದೂ ಹಾಗೆಯೇ. ಸಂಜೆಯತನಕ ಕುಳಿತಿದ್ದು ಯಾರಿಗೂ ಏನೂ ಹೇಳದೆ ಮನೆಗೆ ಹೋದರು. ಮುಂದಿನ ಶನಿವಾರ ನಾವು ನಗುನಗುತ್ತ ಗುಟ್ಟು ಬಿಚ್ಚಿದಾಗ ಅವರು ನಗಲಿಲ್ಲ. “ನನ್ನ ಕೈತಪ್ಪಿನಿಂದ ಇಷ್ಟು ವರ್ಷದ್ದೆಲ್ಲ ಹಾಳಾಯಿತು ಅಂತ ಒಂದು ವಾರ ನಿದ್ದೆ ಇಲ್ಲ ಮಾರಾಯ್ರೆ. ನನ್ನ ಹತ್ರ ಒಂದು ಮಾತು ಹೇಳ್ಲಿಕ್ಕೆ ಏನಾಗಿತ್ತು ನಿಮಗೆ?” ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಉಳಿತಾಯ ಸಂಘದ್ದು, ಆದರ್ಶ ನಮ್ಮದು, ನಿದ್ದೆಗೆಟ್ಟದ್ದು ಮಾತ್ರ ಅಕ್ಕನವರು.

ಇದಾದ ಮೇಲೆ, ನಾವು ಹಂಚಹೊರಟ ವಸ್ತುವಾದರೂ ಏನೆಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದೆವು. 1983ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ‘ಗ್ನೂ’ ಎಂಬ ಯೋಜನೆಯನ್ನು ಪ್ರಕಟಿಸಿದರು. ತಂತ್ರಾಂಶವನ್ನು ಬೇಕಾದ ಕೆಲಸಕ್ಕೆ ಬಳಸುವುದು, ಅದರ ಒಳಗನ್ನು ಅಭ್ಯಸಿಸಿ ತಿದ್ದುವುದು, ಪ್ರತಿಗಳನ್ನು ಇತರರಿಗೆ ಕೊಡುವುದು, ತಿದ್ದಿದ್ದನ್ನೂ ಹಂಚುವುದು: ಈ ಸ್ವಾತಂತ್ರ್ಯಗಳು ಬಳಸುವವನಿಗೆ ಇರಬೇಕೆಂಬುದು ಅವರ ವಾದ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನು ಬರೆಯುತ್ತಿದ್ದ ವ್ಯವಸ್ಥೆಯ ತಿರುಳನ್ನು ಲೋಕಕ್ಕೆ ತಿಳಿಸಿ, ಮರುವರ್ಷ ಗ್ನೂ ಪರವಾನಗಿಯಡಿ ಬಿಟ್ಟುಕೊಟ್ಟರು. ಎರಡೂ ಕೂಡಿ ಆದದ್ದೇ ಇಂದಿನ ಲಿನಕ್ಸ್.

ಇಂಗ್ಲಿಷಿನಲ್ಲಿ ಇದಕ್ಕೆ ‘ಫ್ರೀ’ ಎನ್ನುತ್ತಾರೆ. ಆ ಭಾಷೆಯಲ್ಲಿ ಬಿಟ್ಟಿಗೂ ಬಿಡುಗಡೆಗೂ ಅದೊಂದೇ ಪದ. ನಮ್ಮ ಕನ್ನಡಕ್ಕೆ ಆ ಬಡತನವಿಲ್ಲ: ಉಚಿತ ಬೇರೆ, ಸ್ವತಂತ್ರ ಬೇರೆ. ಆದರೂ ನಾವು ಸಮಿತಿಯ ಸಭೆಯಲ್ಲಿ ಆಡಿದ್ದು ‘ಉಚಿತ’ ಎಂಬ ಮಾತನ್ನು ಮಾತ್ರ. ಎರಡನೆಯದನ್ನು ಹೇಳಿದರೆ ಯಾರು ಕೇಳುತ್ತಾರೆ ಎಂದುಕೊಂಡೆವು. ಹಾಗೆಂದುಕೊಂಡವರಲ್ಲಿ ನಾವೇ ಮೊದಲಿಗರಲ್ಲ. 1998ರ ಫೆಬ್ರವರಿಯಲ್ಲಿ ಈ ಚಳವಳಿಯವರೇ ಕೆಲವರು ಸೇರಿ, ಸ್ವಾತಂತ್ರ್ಯದ ಮಾತು ವ್ಯಾಪಾರಸ್ಥರನ್ನು ಬೆದರಿಸುತ್ತದೆಂದು ‘ಓಪನ್ ಸೋರ್ಸ್’ ಎಂಬ ಹೊಸ ಹೆಸರನ್ನು ಮುಂದಿಟ್ಟರು. ಹೆಸರು ಗೆದ್ದಿತು, ದೊಡ್ಡ ಕಂಪನಿಗಳು ಬಂದವು. ಉದ್ದೇಶವೇ ಮರೆಯಾಯಿತೆಂದು ಸ್ಟಾಲ್ಮನ್ ಒಪ್ಪಲಿಲ್ಲ. ಅವರದು ಹಟವೆನ್ನುವವರಿದ್ದಾರೆ. ಹಟವಿರಬಹುದು. ಆದರೆ ಮದುವೆಗೆ ಕರೆದು, ಬಂದವರಿಗೆ ವಧೂವರರ ಹೆಸರನ್ನೇ ಹೇಳದೆ ಊಟ ಬಡಿಸಿ ಕಳಿಸಿದರೆ ಹೇಗೋ ಹಾಗೆ ನಮಗೂ ಅನಿಸುತ್ತದೆ.

ಹಾಗೆಂದು ಮಡಿವಂತಿಕೆಯೇ ಸರಿಯೆ? ಡೆಬಿಯನ್ ಎಂಬ ಲಿನಕ್ಸ್ ಬಳಗ 1993ರಲ್ಲಿ ಹುಟ್ಟಿದ್ದು. ಸ್ವತಂತ್ರವಲ್ಲದ್ದನ್ನು ತಮ್ಮ ಮುಖ್ಯ ವ್ಯವಸ್ಥೆಯೊಳಗೆ ಬಿಟ್ಟುಕೊಳ್ಳುವುದಿಲ್ಲವೆಂಬ ವ್ರತ ಅವರದು. ಆದರೆ ವೈಫೈ ಮುಂತಾದ ಭಾಗಗಳು ನಡೆಯಲು ತಯಾರಕರ ಮುಚ್ಚಿದ ಫರ್ಮ್‌ವೇರ್ ಬೇಕು. ಅದನ್ನು ಅಧಿಕೃತ ಸ್ಥಾಪನಾ ಪ್ರತಿಯಲ್ಲಿ ಅವರು ಇಡುತ್ತಿರಲಿಲ್ಲ. ಹೊಸಬ ಆಸೆಯಿಂದ ಹಾಕಿಕೊಂಡರೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇಂಟರ್ನೆಟ್ಟೇ ಇಲ್ಲ. ಬೇಕಾದ ಕಡತವನ್ನು ತರಬೇಕೆಂದರೆ ಇಂಟರ್ನೆಟ್ಟೇ ಬೇಕು! ಕೊನೆಗೆ 2022ರಲ್ಲಿ ಬಳಗದವರು ಮತ ಹಾಕಿ, ಆ ಫರ್ಮ್‌ವೇರನ್ನು ಸೇರಿಸಬಹುದು, ಆದರೆ ಯಾವುದನ್ನು ಸೇರಿಸಿತೆಂದು ಬಳಸುವವನಿಗೆ ತಿಳಿಸತಕ್ಕದ್ದು ಎಂದು ನಿರ್ಧರಿಸಿದರು. 2023ರ ಜೂನ್‌ನಲ್ಲಿ ಬಂದ ಹನ್ನೆರಡನೆಯ ಆವೃತ್ತಿಯಿಂದ ಅದು ಜಾರಿಗೆ ಬಂತು. ವ್ರತ ಸಡಿಲಿತೆಂದು ನೊಂದವರು ಉಂಟು. ನಾವು ಅದನ್ನು ಹಾಗೆ ಕಾಣುವುದಿಲ್ಲ. ಅತಿಥಿಯ ಅನುಕೂಲಕ್ಕೆ ನಿಯಮವನ್ನು ಬಗ್ಗಿಸಿದರು, ಆದರೆ ಬಗ್ಗಿಸಿದ್ದನ್ನು ಅತಿಥಿಯಿಂದ ಬಚ್ಚಿಡಲಿಲ್ಲ.

ಉಬುಂಟು ಕಥೆ ಬೇರೆ. 2004ರ ಅಕ್ಟೋಬರ್‌ನಲ್ಲಿ ಅದರ ಮೊದಲ ಆವೃತ್ತಿ ಬಂದಾಗ ಸಾಮಾನ್ಯರಿಗೂ ಲಿನಕ್ಸ್ ಎಂಬ ಆಸೆ ಚಿಗುರಿತು. ಕೆಲವು ವರ್ಷ, 2011ರವರೆಗೆ, ಕೇಳಿದವರ ಮನೆಗೆ ಸಿಡಿಯನ್ನು ಅಂಚೆವೆಚ್ಚವನ್ನೂ ಕೇಳದೆ ಕಳಿಸುತ್ತಿದ್ದರು. ಹೊಸಬರನ್ನು ಕರೆಯುವ ರೀತಿ ಎಂದರೆ ಅದು. ಅದೇ ಉಬುಂಟು 2012ರ ಅಕ್ಟೋಬರ್‌ನ ಆವೃತ್ತಿಯಲ್ಲಿ ಒಂದು ಕೆಲಸ ಮಾಡಿತು: ತನ್ನ ಯಂತ್ರದೊಳಗಿನ ಕಡತವನ್ನು ಹುಡುಕಲು ಬಳಸುವವನು ಟೈಪು ಮಾಡಿದ ಪದ ಕಂಪನಿಯ ಸರ್ವರಿಗೆ ಹೋಗಿ, ಪಕ್ಕದಲ್ಲಿ ಅಮೆಜಾನ್ ಅಂಗಡಿಯ ಸರಕುಗಳು ಕಾಣಿಸತೊಡಗಿದವು. ನಿಲ್ಲಿಸುವ ಗುಂಡಿ ಕೊಟ್ಟಿದ್ದರು, ನಿಜ. ಆದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಲಿಲ್ಲ. ಸಾಕಷ್ಟು ಬೈಸಿಕೊಂಡು 2016ರ ಆವೃತ್ತಿಯಲ್ಲಿ ಅದನ್ನು ತಾನಾಗಿ ನಡೆಯದಂತೆ ಮಾಡಿದರು. ಸುಲಭವಾಗಿಸುವುದು ಬೇರೆ, ಸುಲಭದ ಮರೆಯಲ್ಲಿ ಏನನ್ನೋ ನಡೆಸುವುದು ಬೇರೆ. ನಾವು ಹಾಕಿದ ನೀಲಿ ಹಿನ್ನೆಲೆಯಲ್ಲಿ ಲಾಭದ ಗಂಧವಿರಲಿಲ್ಲ. ಆದರೂ ಅದು ಈ ಎರಡನೆಯ ಜಾತಿಗೇ ಸೇರುತ್ತದೆಂದು ಒಪ್ಪದೆ ಗತಿಯಿಲ್ಲ.

‘ಲೋಕಲ್ ಗಾಡಿ ಹತ್ತುವವನು ಸಿಗ್ನಲ್ಲಿನ ಶಾಸ್ತ್ರ ಕೇಳುತ್ತಾನೆಯೆ? ಜನಕ್ಕೆ ಕೆಲಸವಾದರೆ ಸಾಕು’ ಎಂದು ನಮ್ಮ ಮಿತ್ರರೊಬ್ಬರು ವಾದಿಸಿದರು. ಶಾಸ್ತ್ರ ಬೇಡ ಸ್ವಾಮಿ, ಒಪ್ಪಿದೆವು. ಆದರೆ ಚರ್ಚ್‌ಗೇಟಿನ ಬದಲು ಗಾಡಿ ವಿರಾರಿಗೆ ಹೋಗುತ್ತದೆಂದಾದರೂ ಹೇಳಬೇಕಷ್ಟೆ?

ಲಿನಕ್ಸ್ ಬಲ್ಲವರಲ್ಲಿ ಕೆಲವರಿಗೆ ಇನ್ನೊಂದು ಬಗೆಯ ದೋಷವಿದೆ. ಪ್ರಿಂಟರ್ ನಡೆಯುತ್ತಿಲ್ಲವೆಂದರೆ ಕಪ್ಪು ಪರದೆ ತೆರೆದು ಮಂತ್ರದಂಥ ಒಂದು ಸಾಲನ್ನು ಬರೆಯಿರಿ ಎನ್ನುತ್ತಾರೆ. ಅರ್ಥವಾಗಲಿಲ್ಲವೆಂದರೆ ಕೈಪಿಡಿ ಓದಿಕೊಂಡು ಬನ್ನಿ ಎನ್ನುತ್ತಾರೆ. ತಾವು ಕಷ್ಟಪಟ್ಟು ಕಲಿತದ್ದನ್ನು ಇತರರು ಸುಖವಾಗಿ ಕಲಿತರೆ ತಮ್ಮ ಬೆಲೆ ಇಳಿದೀತೆಂಬ ಭಯವೋ ಏನೋ. ಇಲ್ಲಿ ನಮಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ನೆನಪಾಗುತ್ತವೆ. ಊರಿನಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗೆ ನಮ್ಮ ಹಿರಿಯರು ‘ವಿದ್ಯೆಯ ಮೇಲೆ ಆಸೆಯಿದ್ದರೆ ಬೆಳಿಗ್ಗೆ ಬನ್ನಿ’ ಎನ್ನಲಿಲ್ಲ. ಹುಡುಗರ ಕೆಲಸ ಮುಗಿಯುವ ಹೊತ್ತಿಗೆ ದೀಪ ಹಚ್ಚಿ ಕುಳಿತರು. ಹೊತ್ತನ್ನು ಬದಲಿಸಿದರೇ ಹೊರತು ಪಾಠವನ್ನಲ್ಲ. ನಿದ್ದೆ ತೂಗುವ ಹುಡುಗನಿಗೂ ಲೆಕ್ಕ ಲೆಕ್ಕವೇ, ವ್ಯಾಕರಣ ವ್ಯಾಕರಣವೇ. ಆ ಶಾಲೆಗಳಲ್ಲಿ ಓದಿ ಮೇಲೆ ಬಂದವರು ನಮ್ಮ ವಾಚಕರ ಮನೆಗಳಲ್ಲಿಯೇ ಇದ್ದಾರೆ.

ಆ ಶನಿವಾರದ ನಂತರ ನಾವು ಮಾಡಿದ್ದು ಹೆಚ್ಚೇನಲ್ಲ. ನೀಲಿ ವೇಷವನ್ನು ಕಳಚಿದೆವು. ಪ್ರತಿ ಯಂತ್ರದ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿದೆವು: ಇದು ವಿಂಡೋಸ್ ಅಲ್ಲ, ಇಂಥಿಂಥ ಕೆಲಸ ಆಗುತ್ತದೆ, ಇಂಥಿಂಥದು ಆಗುವುದಿಲ್ಲ, ಯಾಕೆ ಬದಲಿಸಿದೆವು, ತೊಡಕಾದರೆ ಭಾನುವಾರ ಯಾರನ್ನು ಕೇಳಬೇಕು. ಖಜಾಂಚಿಗಳ ಲೆಕ್ಕದ ತಂತ್ರಾಂಶ ಎಷ್ಟು ಮಾಡಿದರೂ ನಡೆಯಲಿಲ್ಲ. ಅವರಿಗಾಗಿ ಒಂದು ಯಂತ್ರಕ್ಕೆ ಹಳೆಯದನ್ನೇ ಮರಳಿ ಹಾಕಿ ಇಂಟರ್ನೆಟ್ ತಂತಿಯನ್ನು ಕಿತ್ತಿಟ್ಟಿದ್ದೇವೆ. ಓದಿ ನೋಡಿ ‘ನನಗಿದು ಬೇಡ’ ಎಂದು ಎದ್ದುಹೋದವರು ಇಬ್ಬರು. ಅವರನ್ನು ತಡೆಯಲಿಲ್ಲ.

ಅಕ್ಕ ಹೋಗಲಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ ಲಿನಕ್ಸಿನಲ್ಲಿಯೂ ಇದೆಯೆಂದು ತಿಳಿದಾಗ ಅವರ ಬೆರಳುಗಳಿಗೆ ಧೈರ್ಯ ಬಂತು. ಹಳೆಯ ಸಂಚಿಕೆಗಳು ಹಾಳಾಗಿರಲಿಲ್ಲ ಎಂಬುದನ್ನೂ ಬಿಡಿಸಿ ಹೇಳಿದೆವು. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಕಡತದೊಳಗೆ ಇರುತ್ತಿದ್ದದ್ದು ರೋಮನ್ ಸಂಕೇತಗಳೇ. ಆ ಒಂದು ಫಾಂಟು ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತಿದ್ದವು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇಷ್ಟು ವರ್ಷ ನಾನು ಬರೆದದ್ದು ಕನ್ನಡವೇ ಅಲ್ಲವಾ?” ಎಂದು ಕೇಳಿದರು. ನಾವು ಆಡದೆ ಬಿಟ್ಟಿದ್ದ ಆ ಎರಡನೆಯ ಪದವನ್ನು ಅವರಿಗೆ ಅಂದು ಹೇಳಿದೆವು. ಕೇಳಿ ಹೆದರಿದಂತೆ ಕಾಣಲಿಲ್ಲ.

ಈಗ ಹಳೆಯ ಸಂಚಿಕೆಗಳನ್ನು ಒಂದೊಂದಾಗಿ ಯೂನಿಕೋಡ್‌ಗೆ ಪರಿವರ್ತಿಸುವ ಕೆಲಸ ನಡೆದಿದೆ. ಪರಿವರ್ತಕದಲ್ಲಿ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ. ಅಕ್ಕ ಪ್ರತಿ ಶನಿವಾರ ಕುಳಿತು ‘ಸೂರ್ಯ’, ‘ಕಾರ್ಯ’ಗಳನ್ನು ಒಂದೊಂದಾಗಿ ತಿದ್ದುತ್ತಿದ್ದಾರೆ.