ಎಲೆ ಹಾಕಿದೆ, ಬನ್ನಿ

"ನನ್ನ ಕೈಲಿ ನಟ್ಸ್ ಇತ್ತು ದೊಡ್ಡಮ್ಮ, ಆದರೂ ಅವತ್ತು ಜಾಸ್ತಿ ದುಡ್ಡು ಬರಲಿಲ್ಲ" ಎಂದ ನನ್ನ ತಂಗಿಯ ಮಗ.

2025ರ ದಸರೆ ರಜೆಗೆಂದು ಬೆಂಗಳೂರಿನಿಂದ ತಿಪಟೂರಿಗೆ ಬಂದವನು ಜಗಲಿಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ನಾನು ಒಳಗೆ ಕಾಯಿ ತುರಿಯುತ್ತಿದ್ದೆ. ನಟ್ ಎಂದರೆ ಕಾಯಿ ಎನ್ನುವಷ್ಟು ಇಂಗ್ಲಿಷು ನನಗೂ ಬರುತ್ತದೆ. "ನಮ್ಮ ಅಟ್ಟದ ತುಂಬ ಅದೇ ಇದೆಯಲ್ಲಪ್ಪ, ಹೊರುವಷ್ಟು ತಗೊಂಡು ಹೋಗು" ಎಂದೆ. ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ತಾನೇ ಒಳಗೆ ಬಂದು, ಈಳಿಗೆ ಮಣೆಯ ಪಕ್ಕ ಕೂತು ನನಗೆ ಪಾಠ ಹೇಳಿದ. ಪೋಕರ್ ಎಂಬ ಇಸ್ಪೀಟಿನ ಆಟದಲ್ಲಿ ಯಾರಿಂದಲೂ ಸೋಲಿಸಲಾಗದ ಎಲೆಗಳು ಕೈಗೆ ಬಂದರೆ ಅದಕ್ಕೆ ನಟ್ಸ್ ಎನ್ನುತ್ತಾರಂತೆ. ಏನೂ ಇಲ್ಲದೆ ಎಲ್ಲ ಇದ್ದವನಂತೆ ಹಣ ಕಟ್ಟಿದರೆ ಬ್ಲಫ್. ಎಲೆ ಕವುಚಿ ಹಾಕಿ ಸುಮ್ಮನಾದರೆ ಫೋಲ್ಡ್. ಇದ್ದದ್ದನ್ನೆಲ್ಲ ನಡುವಿಗೆ ನೂಕಿದರೆ ಆಲ್ ಇನ್. ಸೋತ ಸಿಟ್ಟಿನಲ್ಲಿ ತಲೆ ಕೆಟ್ಟು ಆಡುವವನು ಟಿಲ್ಟ್ ಆಗಿದ್ದಾನೆ. ಆಟ ಸರಿಯಾಗಿ ಬಾರದೆ ಉಳಿದವರ ಹೊಟ್ಟೆ ತುಂಬಿಸುವವನು ಫಿಶ್, ಅಂದರೆ ಮೀನು. ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟಬೇಕಾದ ಹಣಕ್ಕೆ ಬ್ಲೈಂಡ್ ಎಂದು ಹೆಸರು.

"ಎಲೆ ನೋಡದೆ ಕಟ್ಟೋದಾ? ಹಾಗಾದರೆ ನಮ್ಮ ಕಾಲದ ಹೆಣ್ಣುಮಕ್ಕಳೆಲ್ಲ ಬ್ಲೈಂಡ್ ಆಡಿದವರೇ ಬಿಡು" ಎಂದೆ. ಮತ್ತೆ ನಕ್ಕ. ನಗುನಗುತ್ತಲೇ ಕೇಳಿದೆ, "ಎಲ್ಲ ಸೇರಿ ಎಷ್ಟು ಹೋಯಿತಪ್ಪ ನಿಂದು?" ನಗು ನಿಂತಿತು. "ಈಗ ಆಪ್ ಬಂದ್ ಆಯ್ತಲ್ಲ ದೊಡ್ಡಮ್ಮ, ಬಿಡಿ" ಎಂದು ಮತ್ತೆ ಜಗಲಿಗೆ ಹೋದ.

ಅಷ್ಟೊಂದು ಮಾತು ಬಲ್ಲವನಿಗೆ ಈ ಒಂದು ಪ್ರಶ್ನೆಗೆ ಮಾತಿರಲಿಲ್ಲ. ನನಗೆ ಅದು ಹೊಸದೇನೂ ಅಲ್ಲ.

ನಾನು ಹುಟ್ಟಿದ್ದು ತುರುವೇಕೆರೆ ಸೀಮೆಯ ಒಂದು ಹಳ್ಳಿಯಲ್ಲಿ. ನಮ್ಮ ಕಡೆ ಯುಗಾದಿ ಎಂದರೆ ಬೇವು ಬೆಲ್ಲ, ಹೋಳಿಗೆ, ಮತ್ತು ಇಸ್ಪೀಟು. ವರ್ಷವಿಡೀ ಎಲೆ ಮುಟ್ಟದವರೂ ಅವತ್ತು ಅರಳಿಕಟ್ಟೆಯ ಮೇಲೆ, ತೋಟದ ನೆರಳಿನಲ್ಲಿ ಗುಂಪಾಗಿ ಕೂರುತ್ತಿದ್ದರು. ಇಸ್ಪೀಟು, ಆಟೀನು, ಡೈಮನ್ನು, ಕಳಾವರು. ಎಕ್ಕ, ರಾಜ, ರಾಣಿ, ಗುಲಾಮ. ಓದು ಬರಹ ಬಾರದವರ ಬಾಯಲ್ಲೂ ಈ ಹೆಸರುಗಳು ಸರಾಗ. ಎಲ್ಲೆಲ್ಲಿಂದಲೋ ಹಡಗು ಹತ್ತಿ ಬಂದ ಮಾತುಗಳಿವು. ಕಳಾವರಿಗೆ ಡಚ್ ಭಾಷೆಯಲ್ಲೂ ಕ್ಲಾವರ್ ಎಂದೇ ಹೆಸರು. ನಾವು ತುರುಪು ಎನ್ನುವುದು ಇಂಗ್ಲಿಷಿನ ಟ್ರಂಪಿನ ನಂಟ. ಅದರ ಮೂಲದಲ್ಲಿರುವುದು ವಿಜಯ ಎಂಬ ಅರ್ಥದ ಶಬ್ದ. ಗೆಲುವಿಗೆ ಎಷ್ಟು ಹೆಸರು ನೋಡಿ!

ಹೆಂಗಸರ ಆಟ ಬೇರೆ. ನಡುಮನೆಯ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಮನೆ ಬರೆದು, ಬಳೆಚೂರನ್ನು ಕಾಯಿ ಮಾಡಿಕೊಂಡು, ತೇಯ್ದ ಹುಣಸೆಬೀಜ ಉರುಳಿಸಿ ಚೌಕಾಬಾರ ಆಡುತ್ತಿದ್ದೆವು. ಅಲ್ಲಿಯೂ ಹೊಡೆತವಿತ್ತು, ಜಗಳವಿತ್ತು, ಕಳ್ಳಾಟವೂ ಇತ್ತು. ಆದರೆ ಸುತ್ತಿ ಬಳಲಿ ನಡುಮನೆ ಸೇರಿದ ಕಾಯಿಗೆ ನಾವು "ಹಣ್ಣಾಯಿತು" ಎನ್ನುತ್ತಿದ್ದೆವು. ಯಾರ ಕಾಯಿ ಹಣ್ಣಾದರೂ ಯಾರ ಮನೆಯ ಒಲೆಯೂ ಆರುತ್ತಿರಲಿಲ್ಲ.

ಯುಗಾದಿಯ ದಿನ ಒಂದೇ ಮಾತು ಎರಡು ಕಡೆ ಕೇಳುತ್ತಿತ್ತು. ಅವ್ವ ಬಾಗಿಲಿಗೆ ಬಂದು "ಎಲೆ ಹಾಕಿದೆ, ಬನ್ನಿ" ಎಂದು ಕೂಗುವಳು. ಕಟ್ಟೆಯ ಮೇಲಿಂದ ಯಾರೋ "ಇಲ್ಲೂ ಎಲೆ ಹಾಕಿದೆ ಕಣಮ್ಮ" ಎನ್ನುವರು. ಎಲ್ಲರೂ ನಗುವರು. ಬಾಳೆಲೆಯ ಮೇಲಿನ ಹೋಳಿಗೆ ಆರುತ್ತಿತ್ತು.

1977ರಲ್ಲಿ, ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಅಪ್ಪನ ಆಟ ಯುಗಾದಿಗೆ ಮುಗಿಯಲಿಲ್ಲ. ಮೂರೆಲೆಯ ಆಟ. ಹೊಸತೊಡಕು ಕಳೆದರೂ, ಜಾತ್ರೆ ಕಳೆದರೂ ನಡೆಯಿತು. ಕೈಯಲ್ಲಿದ್ದದ್ದು ತೀರಿದ ಮೇಲೆ ಅಟ್ಟದ ಕಾಯಿ ತೋರಿಸಿ ಮಂಡಿಯೊಂದರಲ್ಲಿ ಮುಂಗಡ ತಂದರು. ಅದೂ ಹೋಯಿತು.

ಅಟ್ಟದ ಕಾಯಿ ಎಂದರೇನು ಎಂದು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ಹೇಳಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಏರಿಸಿ ಹನ್ನೊಂದು ಹನ್ನೆರಡು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು. ತಿರುಳು ಚಿಪ್ಪನ್ನು ಬಿಟ್ಟು ಬೇರೆಯಾಗಬೇಕು. ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದು ಬಂದರೆ ಉಂಡೆ ಕೊಬ್ಬರಿ ಆಯಿತೆಂದು ಲೆಕ್ಕ. ಆಮೇಲೆ ಸುಲಿದು, ಕೊಬ್ಬರಿ ಒಡೆಯದ ಹಾಗೆ ಚಿಪ್ಪು ಬಿಡಿಸಬೇಕು. ಅವಸರ ಮಾಡಿದರೆ ಹೋಳಾಗಿ ಬೆಲೆ ಹೋಗುತ್ತದೆ. ಅಂದರೆ ಅಟ್ಟದ ಮೇಲಿರುವುದು ಬರಿಯ ಕಾಯಿಯಲ್ಲ, ಇಡೀ ಮನೆ ಉಸಿರು ಬಿಗಿಹಿಡಿದು ಕಾಯ್ದ ಒಂದು ವರ್ಷ. ಅದರಲ್ಲಿ ಅಕ್ಕನ ಮದುವೆಯಿತ್ತು, ಅಣ್ಣನ ಕಾಲೇಜಿತ್ತು, ಅವ್ವ ಮಂಡಿನೋವಿಗೆ ತೋರಿಸಿಕೊಳ್ಳಬೇಕಾಗಿದ್ದ ಡಾಕ್ಟರೂ ಇದ್ದರು.

ಆ ರಾತ್ರಿ ಅಪ್ಪ ಬಂದು ಗೋಡೆಗೆ ಒರಗಿ ಕೂತು, "ಎಲೆ ಬೀಳಲಿಲ್ಲ" ಎಂದರು.

ಅವ್ವ ಜೋರಾಗಿ ಮಾತಾಡಿದವಳಲ್ಲ. ಅವತ್ತೂ ಮೆಲ್ಲಗೇ ಹೇಳಿದಳು. "ಎಲೆ ಬೀಳಲಿಲ್ಲ ಅಂತೀರಿ. ಏನೇನು ಬಿತ್ತು ಅಂತ ಅಟ್ಟ ಹತ್ತಿ ನೋಡಿ."

ಆಟಗಾರರ ನುಡಿಗಟ್ಟಿನಲ್ಲಿ ಏನಿಲ್ಲ ಎಂಬುದು ನನಗೆ ಅವತ್ತೇ ಹೊಳೆಯಿತೆಂದರೆ ಸುಳ್ಳಾದೀತು. ತಿಳಿಯಲು ಬಹಳ ವರ್ಷ ಬೇಕಾಯಿತು. ಅಲ್ಲಿ ಹಂಚುವವನಿಗೆ ಹೆಸರಿದೆ, ಗೆದ್ದವನಿಗಿದೆ, ಸೋತವನಿಗಿದೆ, ಮೋಸ ಹೋದವನಿಗೆ ಮೀನು ಎಂದಾದರೂ ಇದೆ. ದುಡ್ಡಿಗೂ ಪಾಯಿಂಟು, ಚಿಪ್ಪು ಎಂದು ಬೇರೆ ಬೇರೆ ಹೆಸರು, ಏಕೆಂದರೆ ದುಡ್ಡೆಂದರೆ ಕೈ ನಡುಗೀತು. ಆಟಕ್ಕೇ ಕೂರದೆ, ಎಲೆಯನ್ನೇ ಮುಟ್ಟದೆ, ಎದ್ದು ನೋಡಿದಾಗ ಎಲ್ಲವನ್ನೂ ಸೋತಿರುವವರಿಗೆ ಮಾತ್ರ ಹೆಸರಿಲ್ಲ.

ಈ ಕೊರತೆ ಇಂದಿನದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಅಳಲಿನ ಸೂಕ್ತವಿದೆ. ಅವನನ್ನು ಹಾಳುಮಾಡಿದ್ದು ತಾರೆ ಮರದ ಕಾಯಿ. ಆ ಕಾಲಕ್ಕೆ ಅದೇ ದಾಳ. ನನ್ನ ತಂಗಿಯ ಮಗನ ನಟ್ಸ್ ನೋಡಿ, ಎಷ್ಟು ಹಳೆಯದು! ಅವನ ಹೆಂಡತಿ ಬಿಟ್ಟು ಹೋಗಿದ್ದಾಳೆ, ಸಾಲಕ್ಕೆ ಅಂಜಿ ರಾತ್ರಿ ಕಂಡವರ ಮನೆ ಸುತ್ತುತ್ತಾನೆ. ಜೂಜು ಬಿಟ್ಟು ಹೊಲ ಉಳು ಎಂಬ ಬುದ್ಧಿಮಾತೂ ಅಲ್ಲಿದೆ. ನಾವು ಕೃತ, ತ್ರೇತಾ, ದ್ವಾಪರ, ಕಲಿ ಎಂದು ಯುಗಗಳಿಗೆ ಹೇಳುತ್ತೇವಲ್ಲ, ಅವು ಮೊದಲು ದಾಳದ ಗರಗಳ ಹೆಸರು. ಎಲ್ಲಕ್ಕಿಂತ ಕೆಟ್ಟ ಗರ ಕಲಿ. ಆಟದ ಮಾತು ಕಾಲಕ್ಕೇ ಹೆಸರಾಗಿ ಕೂತಿತು. ಆದರೆ ಸೂಕ್ತದಲ್ಲಿ ಮಾತಾಡುವವನು ಗಂಡ. ಆ ಹೆಂಡತಿಗೆ ಒಂದು ಮಾತಿಲ್ಲ.

ಬಾಯಿ ಬಿಟ್ಟವಳು ದ್ರೌಪದಿ. ಸಭೆಗೆ ಕರೆಯಲು ಬಂದ ಸೂತನಿಗೆ ಅವಳು ಹೇಳಿ ಕಳಿಸಿದ್ದು ಅಳುವಲ್ಲ, ಪ್ರಶ್ನೆ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂತು? ಧರ್ಮ ಸೂಕ್ಷ್ಮವಾದದ್ದು ಎಂದು ಭೀಷ್ಮರು ಜಾರಿಕೊಂಡರು. ದಾಯ ಕಪಟದ್ದೋ ಅಲ್ಲವೋ ಎಂಬ ಚರ್ಚೆಗೆ ನಾವು ಕೊಟ್ಟಷ್ಟು ಹೊತ್ತನ್ನು ಆ ಪ್ರಶ್ನೆಗೆ ಕೊಟ್ಟಿಲ್ಲ ಎನ್ನಿಸುತ್ತದೆ.

ನಮ್ಮ ಕಾಲದ ನ್ಯಾಯಾಲಯಗಳೂ ಬಹುಕಾಲ ಕೇಳಿದ ಪ್ರಶ್ನೆ ಬೇರೆಯದೇ: ಆಟ ಚಾತುರ್ಯದ್ದೋ, ಅದೃಷ್ಟದ್ದೋ? ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕೆಂದು ತಿಳಿದಿರಬೇಕು, ಹಾಗಾಗಿ ಅದು ಮುಖ್ಯವಾಗಿ ಚಾತುರ್ಯದ ಆಟ, ಮೂರೆಲೆ ಹಾಗಲ್ಲ ಎಂದು 1960ರ ದಶಕದ ಕೊನೆಯಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. 2021ರಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ರದ್ದುಪಡಿಸಿತು. ಅಲ್ಲಿಯೂ ಚಾತುರ್ಯದ ವಾದವೇ ದೊಡ್ಡದಾಗಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಚಾತುರ್ಯವಿರಲಿ ಅದೃಷ್ಟವಿರಲಿ, ಹಣ ಕಟ್ಟುವ ಆನ್‌ಲೈನ್ ಆಟ ಬೇಡ ಎಂದಿತು. ನಮ್ಮ ಹುಡುಗನ ಆಪ್ ಬಂದ್ ಆದದ್ದು ಹೀಗೆ.

ನನ್ನ ಅವ್ವ ಈ ಮೊಕದ್ದಮೆ ಕೇಳಿದ್ದರೆ ಏನೆನ್ನುತ್ತಿದ್ದಳು? ಅಪ್ಪ ಜಾಣತನದಿಂದ ಸೋತಿದ್ದರೆ ಅಟ್ಟ ಖಾಲಿಯಾಗುತ್ತಿರಲಿಲ್ಲವೆ? ಅವಳ ಪ್ರಶ್ನೆ ಇಷ್ಟೇ ಇತ್ತು: ಒಡ್ಡಿದ್ದು ಯಾರದ್ದು, ಯಾರನ್ನು ಕೇಳಿ ಒಡ್ಡಿದಿರಿ?

ಇಷ್ಟು ಬರೆದು ನಿಲ್ಲಿಸಿದ್ದರೆ ನಾನು ಬಹಳ ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಆದರೆ ನನ್ನದೂ ಒಂದು ಆಟ ಇದೆ, ಹೇಳಲೇಬೇಕು.

2022ರ ಮೊದಲ ತಿಂಗಳುಗಳಲ್ಲಿ ಕೊಬ್ಬರಿಗೆ ಒಳ್ಳೆಯ ಬೆಲೆಯಿತ್ತು. ನಮ್ಮ ಯಜಮಾನರು ಮಾರೋಣ ಎಂದರು. ನಾನು, ಇಸ್ಪೀಟು ಕಂಡರೆ ಮುಖ ತಿರುಗಿಸುವ ನಾನು, "ಇನ್ನೊಂದು ತಿಂಗಳು ನೋಡೋಣ" ಎಂದೆ. ಆ ತಿಂಗಳು ಕಳೆಯಿತು, ಬೆಲೆ ಇಳಿಯಿತು. ಇಳಿದದ್ದು ಏರಲೇಬೇಕಲ್ಲ ಎಂದು ಮತ್ತೆ ತಡೆದೆ. ಸೋತದ್ದನ್ನು ವಾಪಸು ತರುತ್ತೇನೆ ಎಂಬ ಈ ಹಟಕ್ಕೇ ಟಿಲ್ಟ್ ಎನ್ನುತ್ತಾರೆಂದು ನನಗೆ ಆಗ ಗೊತ್ತಿರಲಿಲ್ಲ. 2023ರಲ್ಲಿ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಹೇಳಿತು. ಪೇಟೆಯಲ್ಲಿ ಅಷ್ಟೂ ಸಿಗಲಿಲ್ಲ. ಹುಳು ಬೀಳುವ ಮೊದಲು ಸಿಕ್ಕಿದ ಬೆಲೆಗೆ ಕೊಟ್ಟು ಕೈತೊಳೆದುಕೊಂಡೆವು.

ಆ ವರ್ಷ ಮಗಳು ಮೈಸೂರಿಗೆ ಓದಲು ಹೋಗುವುದೆಂದು ಮಾತಾಗಿತ್ತು. "ಒಂದು ವರ್ಷ ತಡೀ, ಬೆಲೆ ಬಿದ್ದುಹೋಯಿತು" ಎಂದೆ. ಅವಳು ತಟ್ಟೆಯಿಂದ ತಲೆಯೆತ್ತದೆ, "ಮಾರೋದು ಬೇಡ ಅಂದಾಗ ನನ್ನನ್ನು ಯಾರಾದರೂ ಕೇಳಿದಿರಾ ಅಮ್ಮ?" ಎಂದಳು.

ಅಪ್ಪನ ಹಾಗೆ ಗೋಡೆಗೆ ಒರಗುವ ಸರದಿ ನನ್ನದಾಯಿತು.

ಅಪ್ಪನ ಆಟವೂ ನನ್ನ ಆಟವೂ ಒಂದೇ ಎಂದು ನಾನು ಹೇಳುವುದಿಲ್ಲ. ಮಳೆಯನ್ನು ನಂಬಿ, ನುಸಿಪೀಡೆಗೆ ಅಂಜಿ, ಪೇಟೆಯ ಮುಖ ನೋಡಿ ಬದುಕುವ ನಮಗೆ ಅದೃಷ್ಟದ ಹಂಗು ತಪ್ಪಿದ್ದಲ್ಲ. ನಾವು ಸೋತ ವರ್ಷವೂ ಒಂದಷ್ಟು ಕೊಬ್ಬರಿ ಇತ್ತು, ಅದು ಯಾರದೋ ಮನೆಯ ಅಡುಗೆಗೆ ಹೋಯಿತು. ಇಸ್ಪೀಟಿನಲ್ಲಿ ಹಾಗಲ್ಲ. ಒಬ್ಬನ ಜೇಬಿಗೆ ಬಂದದ್ದು ಇನ್ನೊಬ್ಬನ ಜೇಬಿನಿಂದ ಹೋದದ್ದೇ. ನಡುವೆ ಆಟ ಆಡಿಸುವವನ ಪಾಲು ಬೇರೆ. ಅಲ್ಲಿ ಏನೂ ಹಣ್ಣಾಗುವುದಿಲ್ಲ. ಈ ವ್ಯತ್ಯಾಸ ದೊಡ್ಡದು.

ಆದರೆ ಮಗಳ ಪ್ರಶ್ನೆಯ ಎದುರು ಈ ವ್ಯತ್ಯಾಸ ನನ್ನನ್ನು ಕಾಪಾಡಲಿಲ್ಲ. ಅಪಾಯಕ್ಕೆ ಒಡ್ಡಿಕೊಳ್ಳುವುದು ತಪ್ಪಲ್ಲ, ಒಡ್ಡಿಕೊಳ್ಳದೆ ಬದುಕಿಲ್ಲ. ತಪ್ಪು ಆಗುವುದು ನಮ್ಮದಲ್ಲದ್ದನ್ನು ನಮ್ಮದೆಂದು ಒಡ್ಡಿದಾಗ. ಮನೆಯಲ್ಲಿ ಪೂರ್ತಿ ನಮ್ಮದು ಎಂಬುದು ಬಹಳ ಕಡಿಮೆ. ಗಂಡಸರು ಹೆಂಗಸರನ್ನು ಕೇಳದೆ ಒಡ್ಡಿದರು ಎಂದು ಹೇಳುವುದು ಸುಲಭ, ಅದು ನಿಜವೂ ಹೌದು. ಅಧಿಕಾರ ಕೈಗೆ ಬಂದಾಗ ನಾವು ಕೇಳುತ್ತೇವೆಯೇ ಎಂಬುದು ಕಷ್ಟದ ಪ್ರಶ್ನೆ.

ಮಗಳು ಮರುವರ್ಷ ಮೈಸೂರಿಗೆ ಹೋದಳು. ಅವಳು ಸಂಕ್ರಾಂತಿಗೆ ಬಂದಿದ್ದಾಗ, 2025ರ ಜನವರಿಯಲ್ಲಿ, ಅಟ್ಟದ ಕಾಯಿ ಮಾರುವ ಮಾತು ಬಂತು. ಊಟಕ್ಕೆ ಕೂತಾಗ ಎಲ್ಲರನ್ನೂ ಕೇಳಿದೆ. ಅತ್ತೆ ದಸರೀಘಟ್ಟದ ಚೌಡೇಶ್ವರಿಯ ಅಪ್ಪಣೆ ಕೇಳೋಣ ಎಂದರು. ಯಜಮಾನರು ಇಡೋಣ ಎಂದರು. ಮಗಳು ಕಾಗದ ಪೆನ್ನು ತಂದು ಲೆಕ್ಕ ಹಾಕಿ ಮಾರೋಣ ಎಂದಳು. ಮಾರಿದೆವು. ಅದೇ ವರ್ಷ ಮಳೆಗಾಲದ ಹೊತ್ತಿಗೆ ಕೊಬ್ಬರಿ ಕ್ವಿಂಟಲಿಗೆ 20,000 ದಾಟಿತು! ಊರಿನವರು ನಮ್ಮನ್ನು ಕಂಡು ಅಯ್ಯೋ ಎಂದರು. ಮನೆಯಲ್ಲಿ ಮಾತ್ರ ಯಾರೂ ಯಾರನ್ನೂ ಬೈಯಲಿಲ್ಲ. ಎಲ್ಲರನ್ನೂ ಕೇಳಿದರೆ ಲಾಭ ಬರುತ್ತದೆ ಎಂದು ನಾನು ಹೇಳಲಾರೆ. ನಷ್ಟವನ್ನು ಒಬ್ಬರ ಮುಖ ಒಬ್ಬರು ನೋಡುತ್ತ ಹೊರಬಹುದು, ಅಷ್ಟೆ.

ಆ ದಸರೆಯ ಮಧ್ಯಾಹ್ನ ತಂಗಿಯ ಮಗ ಜಗಲಿಯಲ್ಲೇ ಕೂತಿದ್ದ. ನಾನು ಬಾಗಿಲಿಗೆ ಹೋಗಿ "ಎಲೆ ಹಾಕಿದೆ, ಬಾಪ್ಪ" ಎಂದೆ. ಬಂದು ಕೂತ. ಎರಡು ತುತ್ತು ಉಂಡ ಮೇಲೆ ತಾನಾಗಿಯೇ, "ಬೈಕಿನ ಕಂತು ಆರು ತಿಂಗಳಿಂದ ಕಟ್ಟಿಲ್ಲ ದೊಡ್ಡಮ್ಮ. ಅಮ್ಮನಿಗೆ ಗೊತ್ತಿಲ್ಲ" ಎಂದ.

"ನಾನು ಹೇಳಲ್ಲ, ನೀನೇ ಹೇಳಬೇಕು" ಎಂದು ಅವನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.