ಏಳುಬೀಳಿನ ಲೆಕ್ಕ ಬರೆಯುವವರು ಯಾರು?

ಈಚೆಗೆ ನಾಯಕನಹಟ್ಟಿಗೆ ಹೋಗಿದ್ದಾಗ ತಂಗಿಯ ಮಗಳು ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿಯೊಂದನ್ನು ನೋಡುತ್ತ ಕುಳಿತಿದ್ದಳು. ಹೊರಗೆ ಕೆಂಡದಂಥ ಬಿಸಿಲು. ಭಾಷೆ ತಿಳಿಯದ ಆ ಕಥೆಯನ್ನು ಅವಳು ಅಡಿಬರಹ ಓದಿಕೊಂಡು ಸಲೀಸಾಗಿ ನೋಡುತ್ತಿದ್ದಳು. ನಾನು ಇಣುಕಿದಾಗ ಪರದೆಯ ಮೇಲೆ ಎತ್ತರದ ನಿಲುವಿನ ಯುವಕನೊಬ್ಬ ದೋಣಿಯ ಮೇಲೆ ನಿಂತಿದ್ದ. ಹೆಸರು ಕಿಮ್ ವೂ-ಬಿನ್ ಎಂದಳು. ಅವನ ಕಥೆಯನ್ನೂ ಅವಳೇ ಹೇಳಿದಳು. ಮೊದಲು ಮಾಡೆಲ್. ಬಟ್ಟೆ ತೊಟ್ಟು ನಡೆದು ತೋರಿಸುವುದೇ ಕೆಲಸ. ಆಮೇಲೆ ನಟನಾದ. 2013ರ ಹೊತ್ತಿಗೆ ದೇಶವೆಲ್ಲ ಗುರುತಿಸುವಂತಾದ. 2017ರಲ್ಲಿ ಮೂಗು ಗಂಟಲು ಸೇರುವ ಜಾಗದಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಒಪ್ಪಿಕೊಂಡ ಕೆಲಸವೆಲ್ಲ ನಿಂತಿತು. ಮತ್ತೆ ಅವನ ಧಾರಾವಾಹಿ, ಸಿನಿಮಾ ಜನರ ಮುಂದೆ ಬಂದದ್ದು 2022ರಲ್ಲಿ.

"ಅವನ ಅಭಿಮಾನಿಗಳು ಕಾದರು ಮಾಮೂ. ನಮ್ಮ ಊರಲ್ಲಾಗಿದ್ದರೆ ಕಾಯುತ್ತಿದ್ದರಾ?" ಎಂದು ಕೇಳಿದಳು.

ನಾನು ಏನೂ ಹೇಳಲಿಲ್ಲ. ಹೇಳದಿರುವುದಕ್ಕೆ ಕಾರಣವಿತ್ತು. ನಮ್ಮ ಊರಿನವರು ಹೇಗೆ ಕಾಯುತ್ತಾರೆಂಬುದನ್ನು ನಾನು ಕಣ್ಣಾರೆ ಕಂಡವನು. ಕಂಡವನಷ್ಟೇ ಅಲ್ಲ, ಅದರಲ್ಲಿ ಪಾಲುದಾರನೂ ಹೌದು.

ನಮ್ಮ ಓಣಿಯ ದರ್ಜಿಯೊಬ್ಬರ ಮಗ ನೋಡಲು ಚೆಂದಾಗಿದ್ದ. ಚಿತ್ರದುರ್ಗದ ಜವಳಿ ಅಂಗಡಿಯೊಂದರ ಫ್ಲೆಕ್ಸಿನಲ್ಲಿ ಮದುಮಗನ ವೇಷದಲ್ಲಿ ಕಾಣಿಸಿಕೊಂಡ. ಪಕ್ಕದಲ್ಲಿ ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟ ಮದುಮಗಳು. ಬಸ್ಸಿನಲ್ಲಿ ಹೋಗಿಬರುವವರೆಲ್ಲ ಕತ್ತು ಹೊರಳಿಸಿ ನೋಡಿದ್ದೇ ನೋಡಿದ್ದು. ಅವನು ಬೆಂಗಳೂರಿಗೆ ಹೋದ. ಇನ್ನೂ ಎರಡು ಜಾಹೀರಾತು, ಒಂದು ಸಿನಿಮಾದಲ್ಲಿ ನಾಯಕನ ಗೆಳೆಯರ ಗುಂಪಿನಲ್ಲಿ ಒಂದು ಮುಖ. ಆಗ ಊರು ಅವನನ್ನು ಹೆಗಲ ಮೇಲೆ ಹೊತ್ತಿತು. ನಾಲ್ಕು ವರ್ಷದ ಮೇಲೆ ಒಂದು ಬ್ಯಾಗು ಹಿಡಿದು ವಾಪಸು ಬಂದ. ಹೋಟೆಲಿನ ಮುಂದೆ ಕುಳಿತಿದ್ದ ನಾವು ನಾಲ್ಕೈದು ಜನ "ಬಂದ್ರಪ್ಪಾ ಹೀರೋ" ಎಂದು ನಕ್ಕೆವು. ಮೊದಲು ನಕ್ಕವನು ನಾನಲ್ಲ, ಆದರೆ ಕೊನೆಯವರೆಗೆ ನಕ್ಕವನು ನಾನೇ. ಆ ದಿನಗಳಲ್ಲಿ ನನ್ನ ಕಥೆಗಳು ಒಂದಾದ ಮೇಲೊಂದು ಹಿಂದಿರುಗಿ ಬರುತ್ತಿದ್ದವು. ಸೋತವನು ನಾನೊಬ್ಬನೇ ಅಲ್ಲ ಎಂಬ ಸಮಾಧಾನ ಆ ನಗುವಿನಲ್ಲಿತ್ತು ಎಂದು ಈಗ ಅನ್ನಿಸುತ್ತದೆ.

ಅವನು ನಿಂತು, "ಅಣ್ಣಾ, ನಾನೇನೂ ತಪ್ಪು ಮಾಡಿ ಬಂದಿಲ್ಲ. ಕೆಲಸ ಸಿಗಲಿಲ್ಲ, ಬಂದೆ" ಎಂದ. ಅಷ್ಟೇ ಹೇಳಿ ಮನೆಗೆ ಹೋದ.

ಈ ಮಾತು ನನ್ನನ್ನು ಬಿಟ್ಟಿಲ್ಲ. ಬಿದ್ದವನು ತಾನು ತಪ್ಪು ಮಾಡಿಲ್ಲವೆಂದು ಯಾಕೆ ಹೇಳಬೇಕಾಗಿ ಬಂತು? ನಾವು ಅವನನ್ನು ಏನನ್ನೂ ಕೇಳಿರಲಿಲ್ಲವಲ್ಲ. ಕೇಳಿದ್ದೆವು. ನಗುವೇ ಆ ಪ್ರಶ್ನೆಯಾಗಿತ್ತು. ಮೇಲೇರಿದವನು ಯೋಗ್ಯ, ಕೆಳಗಿಳಿದವನಲ್ಲಿ ಏನೋ ಐಬು ಇರಬೇಕು ಎಂಬುದು ನಮ್ಮೆಲ್ಲರ ಒಳಗೆ ಕುಳಿತಿರುವ ನಂಬಿಕೆ. ಅದು ಸರಿಯೇ ಎಂಬುದು ನನ್ನ ಪ್ರಶ್ನೆ.

ಕನ್ನಡ ಚಿತ್ರರಂಗದಲ್ಲೇ ಮಾಡೆಲಿಂಗ್‌ನಿಂದ ಬಂದ ಒಬ್ಬರ ದಾರಿಯನ್ನು ನೋಡೋಣ. ಸಾಗರದ ಹುಡುಗ ದಿಗಂತ್ ಬೆಂಗಳೂರಿನಲ್ಲಿ ಮಾಡೆಲ್ ಆಗಿದ್ದು 2006ರಲ್ಲಿ 'ಮಿಸ್ ಕ್ಯಾಲಿಫೋರ್ನಿಯಾ' ಚಿತ್ರದಿಂದ ನಟರಾದರು. ಅದೇ ವರ್ಷದ ಕೊನೆಯಲ್ಲಿ 'ಮುಂಗಾರು ಮಳೆ' ಬಂತು. ಅದರಲ್ಲಿ ಅವರದು ನಾಯಕಿಗೆ ನಿಶ್ಚಯವಾದ ವರನ ಪಾತ್ರ. ಕಥೆಯೊಳಗೆ ಹುಡುಗಿ ಸಿಕ್ಕಿದ್ದು ದಿಗಂತ್‌ಗೆ, ಕಥೆಯ ಹೊರಗೆ ಇಡೀ ನಾಡು ಸಿಕ್ಕಿದ್ದು ಗಣೇಶ್‌ಗೆ. 2008ರಲ್ಲಿ 'ಗಾಳಿಪಟ', 2009ರಲ್ಲಿ 'ಮನಸಾರೆ', 2010ರಲ್ಲಿ 'ಪಂಚರಂಗಿ' ಬಂದು ದಿಗಂತ್ ಮನೆಮಾತಾದರು. ಆದರೆ ಆ ಏರು ಹಾಗೆಯೇ ಮುಂದುವರಿಯಲಿಲ್ಲ. ಅನಂತರದ ಚಿತ್ರಗಳಲ್ಲಿ ಕೆಲವು ನಿಂತವು, ಹಲವು ಬಂದು ಹೋದವು. 2016ರಲ್ಲಿ ಹಿಂದಿ ಚಿತ್ರವೊಂದರ ಚಿತ್ರೀಕರಣದಲ್ಲಿ ಕಣ್ಣಿಗೆ ಪೆಟ್ಟಾಯಿತು. 2022ರ ಜೂನ್‌ನಲ್ಲಿ ಗೋವಾದಲ್ಲಿ ಲಾಗ ಹಾಕುವಾಗ ಕತ್ತಿಗೆ ತೀವ್ರ ಗಾಯವಾಗಿ, ವಿಮಾನದಲ್ಲಿ ಬೆಂಗಳೂರಿಗೆ ತಂದು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಅದೇ ಆಗಸ್ಟ್‌ನಲ್ಲಿ 'ಗಾಳಿಪಟ 2' ತೆರೆಗೆ ಬಂತು.

ಇದರಲ್ಲಿ ಎಷ್ಟು ಅವರ ದುಡಿಮೆ, ಎಷ್ಟು ಅದೃಷ್ಟ, ಎಷ್ಟು ನಿರ್ದೇಶಕರದು, ಎಷ್ಟು ಜಯಂತ ಕಾಯ್ಕಿಣಿಯವರ ಹಾಡುಗಳದು? ಬೇರ್ಪಡಿಸಿ ಹೇಳುವ ತಕ್ಕಡಿ ಯಾರ ಬಳಿಯೂ ಇಲ್ಲ. ಸೋತ ಚಿತ್ರದಲ್ಲಿ ಅವರು ಕಡಿಮೆ ಬೆವರು ಸುರಿಸಿದ್ದರು, ಗೆದ್ದ ಚಿತ್ರದಲ್ಲಿ ಹೆಚ್ಚು ಸುರಿಸಿದ್ದರು ಎಂದು ಯಾರಾದರೂ ಹೇಳಬಲ್ಲರೇ? ಮಾಡೆಲ್ ಆಗಿ ಬಂದವರಿಗೆ ದೇಹವೇ ಬಂಡವಾಳ. ಆ ಬಂಡವಾಳವನ್ನು ಕಾಯಿಲೆಯೋ ಒಂದು ಕ್ಷಣದ ಆಯತಪ್ಪುವಿಕೆಯೋ ಕಸಿದುಕೊಳ್ಳಬಹುದು. ಕೊರಿಯಾದಲ್ಲೂ ಅಷ್ಟೆ, ಸಾಗರದಲ್ಲೂ ಅಷ್ಟೆ.

ಈಗ ನಾಯಕನಹಟ್ಟಿಗೆ ಮರಳುತ್ತೇನೆ. ಈ ಊರನ್ನು ಬಲ್ಲವರಿಗೆಲ್ಲ ತಿಪ್ಪೇರುದ್ರಸ್ವಾಮಿಯವರ ಮಾತು ಗೊತ್ತು: 'ಮಾಡಿದಷ್ಟು ನೀಡು ಭಿಕ್ಷೆ.' ಬರದ ಸೀಮೆಯಾದ ಇಲ್ಲಿ ಅವರು ಐದು ಕೆರೆ ಕಟ್ಟಿಸಿದರೆಂದು ಜನ ನೆನೆಯುತ್ತಾರೆ. ಕೂಲಿ ಕೊಡುವ ಹೊತ್ತಿಗೆ ಮರಳಿನ ಗುಡ್ಡೆಗಳನ್ನು ಮಾಡಿಸುತ್ತಿದ್ದರಂತೆ. ಒಬ್ಬೊಬ್ಬರಿಗೆ ಅವರವರು ದುಡಿದಷ್ಟೇ ಹಣ ಆ ಗುಡ್ಡೆಯೊಳಗೆ ಸಿಗುತ್ತಿತ್ತಂತೆ. ಹೇಳುವವರ ಬಾಯಲ್ಲಿ ಕಥೆಯ ವಿವರ ಅಷ್ಟಿಷ್ಟು ಬದಲಾಗುತ್ತದೆ, ತಿರುಳು ಬದಲಾಗುವುದಿಲ್ಲ. ಫಾಲ್ಗುಣದ ಜಾತ್ರೆಗೆ ಸೇರುವ ಜನಸಾಗರದಲ್ಲಿ ಸಣ್ಣವನಿದ್ದಾಗ ನಾನೂ ಅಬ್ಬಾ ಅವರ ಕೈಹಿಡಿದು ತಿರುಗಿದ್ದೇನೆ. ಈ ಕಥೆಯನ್ನು ಮೊದಲು ಕೇಳಿದ್ದು ಅವರಿಂದಲೇ.

ಈ ಮಾತನ್ನು ನಾವು ಬಹಳ ಕಾಲದಿಂದ ತಿರುವುಮುರುವಾಗಿ ಓದುತ್ತಿದ್ದೇವೆ ಎಂದು ನನಗೆ ತೋರುತ್ತದೆ. 'ಮಾಡಿದಷ್ಟು ಸಿಗುತ್ತದೆ' ಎಂದು ಅರ್ಥ ಹಚ್ಚಿಕೊಳ್ಳುತ್ತೇವೆ. ಹಾಗೆ ಅರ್ಥ ಹಚ್ಚಿದ ಕೂಡಲೇ ಇನ್ನೊಂದು ಅರ್ಥವೂ ಅದರ ಬೆನ್ನಿಗೆ ಬರುತ್ತದೆ: ಸಿಗದವನು ಮಾಡಿಲ್ಲ. ಆದರೆ ಮಾತಿನಲ್ಲಿರುವುದು 'ಸಿಗುತ್ತದೆ' ಅಲ್ಲ, 'ನೀಡು'. ಅದು ದುಡಿದವನಿಗೆ ಕೊಟ್ಟ ಭರವಸೆಯಲ್ಲ, ಕೊಡುವವನಿಗೆ ಹಾಕಿದ ಅಪ್ಪಣೆ. ಮಾಡಿದ್ದೆಷ್ಟು ಎಂದು ಮೊದಲು ನೋಡು, ಆಮೇಲೆ ಕೊಡು ಎನ್ನುತ್ತದೆ ಅದು. ನಾವು ಕೊಟ್ಟದ್ದೆಷ್ಟು ಎಂದು ಮೊದಲು ನೋಡಿ, ಅವನು ಮಾಡಿದ್ದು ಇಷ್ಟೇ ಇರಬೇಕೆಂದು ತೀರ್ಮಾನಿಸುತ್ತೇವೆ.

ಆ ಫ್ಲೆಕ್ಸನ್ನೇ ನೆನೆಯಿರಿ. ಮೊಳಕಾಲ್ಮೂರಿನ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ದಿನಗಟ್ಟಲೆ ನೇಯ್ದವರ ಮುಖ ಅದರಲ್ಲಿಲ್ಲ. ಸೀರೆಯನ್ನು ಒಂದು ಮಧ್ಯಾಹ್ನ ಉಟ್ಟವಳ ಮುಖವಿದೆ. ಉಟ್ಟವಳದು ತಪ್ಪೆಂದು ನಾನು ಹೇಳುತ್ತಿಲ್ಲ. ದೀಪದ ಕೆಳಗೆ ಗಂಟೆಗಟ್ಟಲೆ ನಗುತ್ತ ನಿಲ್ಲುವುದೂ ದುಡಿಮೆಯೇ. ಆದರೆ ಸಂದ ಹೆಸರನ್ನು ಕಂಡು ದುಡಿಮೆಯನ್ನು ಅಳೆಯಹೊರಟರೆ, ನೇಕಾರ ಏನೂ ಮಾಡಲೇ ಇಲ್ಲ ಎನ್ನಬೇಕಾಗುತ್ತದೆ.

ಇಲ್ಲೊಂದು ಆಕ್ಷೇಪಣೆ ಬರಬಹುದು. ಕೆರೆಯ ಮಣ್ಣನ್ನು ಬುಟ್ಟಿಯಿಂದ ಎಣಿಸಬಹುದು, ನಟನೆಯನ್ನು ಎಣಿಸಲಾದೀತೇ? ಹಿಡಿಸದ ಸಿನಿಮಾಕ್ಕೆ ದುಡ್ಡು ಕೊಟ್ಟು ಹೋಗಬೇಕೆಂಬ ಕಟ್ಟಳೆ ಯಾರಿಗಿದೆ? ನಿಜ. ಪ್ರೇಕ್ಷಕ ಯಾರಿಗೂ ಟಿಕೆಟ್ಟಿನ ಸಾಲಗಾರನಲ್ಲ. ಓದುಗರು ನನ್ನ ಕಥೆಯನ್ನು ಓದಲೇಬೇಕೆಂದು ನಾನೂ ಹಟ ಹಿಡಿಯುವಂತಿಲ್ಲ. ಆದರೆ ಮೆಚ್ಚದಿರುವುದು ಬೇರೆ, ಹಂಗಿಸುವುದು ಬೇರೆ. ಮೆಚ್ಚದಿರುವುದು ನಮ್ಮ ಹಕ್ಕು. ಸೋಲನ್ನೇ ಅಪರಾಧವೆಂದು ಬಗೆದು ಶಿಕ್ಷೆ ಕೊಡುವ ಹಕ್ಕನ್ನು ನಮಗೆ ಯಾರೂ ಕೊಟ್ಟಿಲ್ಲ.

ವಿಚಿತ್ರವೆಂದರೆ, ಚಳ್ಳಕೆರೆ ಸೀಮೆಯ ನಮಗೆ ಇದು ತಿಳಿಯದ ಪಾಠವೇನಲ್ಲ. ಇಲ್ಲಿಯ ಶೇಂಗಾ ಬೆಳೆಗಾರನನ್ನು ನೋಡಿ. ಹೋದ ವರ್ಷ ಉತ್ತ ಹಾಗೆಯೇ ಈ ವರ್ಷವೂ ಉಳುತ್ತಾನೆ, ಅಷ್ಟೇ ಬೀಜ ಬಿತ್ತುತ್ತಾನೆ. ಮಳೆ ಕೈಕೊಟ್ಟರೆ ಹೊಟ್ಟು ಸಿಗುತ್ತದೆ. ಅವನನ್ನು ಕಂಡು ಹೋಟೆಲಿನ ಮುಂದೆ ಯಾರೂ ನಗುವುದಿಲ್ಲ. "ಏನು ಮಾಡ್ತೀಯಪ್ಪಾ, ಮಳೆ ಬರಲಿಲ್ಲ" ಎಂದು ಟೀ ತರಿಸಿ ಕೊಡುತ್ತಾರೆ. ಹೊಲಕ್ಕೆ ಗೊತ್ತಿರುವ ನ್ಯಾಯ ಬಣ್ಣದ ಬದುಕಿನವರಿಗೆ ಯಾಕಿಲ್ಲ? ಅವರು ಮೇಲೇರಿದಾಗ ನಮಗಿಂತ ದೊಡ್ಡವರಾಗಿಬಿಟ್ಟರೆಂಬ ಒಳಗಿನ ಕುದಿ ಇದಕ್ಕೆ ಕಾರಣವಿರಬಹುದು. ಬಿದ್ದಾಗ ಆ ಲೆಕ್ಕ ತೀರಿಸಿಕೊಳ್ಳುತ್ತೇವೆ.

ಹಳೆಯ ನೆನಪೊಂದಿದೆ. ಪುಟ್ಟಣ್ಣ ಕಣಗಾಲರ 'ಶರಪಂಜರ' 1971ರಲ್ಲಿ ಬಂತು. ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರು ಮತ್ತೆ ಒಪ್ಪಿಕೊಳ್ಳದ ಕಥೆ ಅದು. ಕಾವೇರಿಯಾಗಿದ್ದ ಕಲ್ಪನಾಗಾಗಿ ನಾಡಿನ ತಾಯಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅದೇ ಮಿನುಗುತಾರೆಗೆ ಆಮೇಲೆ ಅವಕಾಶಗಳು ಕಡಿಮೆಯಾದವು. ನಾಟಕಗಳಲ್ಲಿ ನಟಿಸುತ್ತ ತಿರುಗಿದರು. 1979ರಲ್ಲಿ ಬೆಳಗಾವಿ ಜಿಲ್ಲೆಯ ಗೋಟೂರಿನಲ್ಲಿ ತೀರಿಕೊಂಡರು. ತೆರೆಯ ಮೇಲಿನ ಕಾವೇರಿಗೆ ಕೊಟ್ಟ ಕರುಣೆಯಲ್ಲಿ ಒಂದು ಪಾಲನ್ನಾದರೂ ಬದುಕಿದ್ದ ಕಲ್ಪನಾಗೆ ಕೊಟ್ಟೆವೇ?

ಬಿದ್ದವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಏರುವಾಗ ಬಂದ ಜೈಕಾರವನ್ನು ತನ್ನ ಯೋಗ್ಯತೆಗೆ ಸಿಕ್ಕ ರಸೀದಿಯೆಂದು ನಂಬಿದವನು, ಇಳಿಯುವಾಗಿನ ಮೌನವನ್ನೂ ಹಾಗೆಯೇ ನಂಬಬೇಕಾಗುತ್ತದೆ. ಮೊದಲನೆಯದು ಸಾಕ್ಷಿಯಾದರೆ ಎರಡನೆಯದೂ ಸಾಕ್ಷಿ. ಅದರಿಂದ ತಪ್ಪಿಸಿಕೊಳ್ಳುವ ದಾರಿ ಒಂದೇ. ಎರಡನ್ನೂ ಸಾಕ್ಷಿಯೆಂದು ಒಪ್ಪದಿರುವುದು. ನಾನು ಮಾಡಿದ್ದು ಏನು, ಪ್ರಾಮಾಣಿಕವಾಗಿ ಮಾಡಿದೆನೇ ಎಂಬುದಷ್ಟೇ ನನ್ನ ಲೆಕ್ಕ. ಉಳಿದದ್ದು ಊರಿನವರ ಲೆಕ್ಕ, ಅದರ ಹೊಣೆ ಊರಿನದು. ಹೇಳುವುದು ಸುಲಭ. ಕಥೆ ಹಿಂದಿರುಗಿ ಬಂದ ದಿನ ಇದನ್ನು ನಂಬುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು.

ಉರ್ದು ಶಾಲೆಯಲ್ಲಿ ನಮಗೆ ಏಳುಬೀಳು ಎನ್ನುವುದಕ್ಕೆ 'ಉರೂಜ್' ಮತ್ತು 'ಜವಾಲ್' ಎಂಬ ಜೋಡಿ ಪದ ಕಲಿಸಿದ್ದರು. ಸಾಮ್ರಾಜ್ಯಗಳ ಪತನಕ್ಕೆ ಆ ಜವಾಲ್ ಪದವನ್ನು ಬರೆದು ಬರೆದು ಅದರಲ್ಲಿ ಅವಮಾನದ ವಾಸನೆ ಸೇರಿಕೊಂಡಿತ್ತು. ಮನೆಯಲ್ಲಿ ಅಮ್ಮಿ ಮಾತ್ರ ಅದನ್ನು ಬೇರೆ ಅರ್ಥದಲ್ಲಿ ಆಡುತ್ತಿದ್ದರು. ಅವರಿಗೆ ಜವಾಲ್ ಎಂದರೆ ನೆತ್ತಿಯ ಮೇಲಿನ ಸೂರ್ಯ ಪಡುವಣಕ್ಕೆ ವಾಲುವ ಗಳಿಗೆ. ಅದಾದ ಮೇಲೆಯೇ ಝುಹರ್ ನಮಾಜಿನ ಹೊತ್ತು. ಸೂರ್ಯ ವಾಲಿದನೆಂದು ಅಮ್ಮಿ ಅವನನ್ನು ಹಂಗಿಸಿದ್ದು ನನಗೆ ನೆನಪಿಲ್ಲ. ವಜೂ ಮಾಡಲು ಏಳುತ್ತಿದ್ದರು.

ದರ್ಜಿಯ ಮಗ ಈಗ ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಈ ಸಲ ಅರ್ಜಿಯೊಂದಕ್ಕೆ ಫೋಟೋ ಬೇಕಾಗಿ ಹೋದೆ. ನನ್ನ ಗದ್ದವನ್ನು ಎರಡು ಬೆರಳಿನಿಂದ ಸರಿಪಡಿಸಿ, "ಹೆಗಲು ಇಳಿಸಬೇಡಿ ಅಣ್ಣ" ಎಂದ. ದೀಪದ ಮುಂದೆ ಹೇಗೆ ಕೂರಬೇಕೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಹೊರಡುವಾಗ, ಅಂದು ಹೋಟೆಲಿನ ಮುಂದೆ ನಕ್ಕದ್ದಕ್ಕೆ ಕ್ಷಮೆ ಕೇಳಿದೆ. ಅದೆಲ್ಲ ನೆನಪೇ ಇಲ್ಲ ಎಂದ. ಇದ್ದೂ ಇಲ್ಲವೆಂದನೋ ಏನೋ. ದುಡ್ಡು ಬೇಡವೆಂದ, ನಾನು ಒಪ್ಪಲಿಲ್ಲ. ಅವನು ಮಾಡಿದ ಕೆಲಸಕ್ಕೆ ಎಷ್ಟೋ ಅಷ್ಟನ್ನು ಎಣಿಸಿ ಮೇಜಿನ ಮೇಲಿಟ್ಟು ಬಂದೆ.