ಒಂದು ಹೆಸರಿನೊಳಗೆ ಏಳು

ಮಲೆನಾಡಿನ ತೊರೆಯಲ್ಲಿ ಕಲ್ಲು ಮಗುಚಿ ನೋಡಿದವರಿಗೆ ಮೇಫ್ಲೈ ಮರಿಗಳು ಕಂಡಿರುತ್ತವೆ. ಹೊಟ್ಟೆಯ ಇಕ್ಕೆಲದಲ್ಲಿ ಎಲೆಯಂಥ ಕಿವಿರು, ಹಿಂದೆ ನೂಲಿನಂಥ ಮೂರು ಬಾಲ. ಒಂದು ದಿನದ ಬಾಳಿನ ಕೀಟವೆಂದು ನಾವು ಮರುಗುವುದು ಇದಕ್ಕೇ. ರೆಕ್ಕೆ ಬಂದ ಮೇಲೆ ಅದು ಉಣ್ಣುವುದಿಲ್ಲ, ಉಣ್ಣುವ ಬಾಯಿಯೇ ಉಳಿದಿರುವುದಿಲ್ಲ. ಕೂಡಿ, ಮೊಟ್ಟೆಯಿಟ್ಟು ಮುಗಿಯುತ್ತದೆ. ಆದರೆ ಅದಕ್ಕೆ ಮುಂಚೆ ತಿಂಗಳುಗಟ್ಟಲೆ ನೀರಿನಲ್ಲಿ ಬಾಳಿರುತ್ತದೆ. ಅದರ ನಿಜವಾದ ಆಯಸ್ಸು ಅದೇ ಎಂದು ನನ್ನ ನಂಬಿಕೆ.

1843ರಲ್ಲಿ ಜಿನೀವಾದ ಪಿಕ್ಟೆ ಎಂಬ ವಿಜ್ಞಾನಿ ಇಂಥದೊಂದು ಮೇಫ್ಲೈಯನ್ನು ವರ್ಣಿಸಿ, ರೋನ್ ನದಿಯ ಹೆಸರನ್ನೇ ಅದಕ್ಕಿಟ್ಟರು. ಅದೇ ಬೇಟಿಸ್ ರೋಡಾನಿ. ಯುರೋಪಿನ ಹೊಳೆಗಳಲ್ಲಿ ಅದು ಎಷ್ಟು ಸಾಮಾನ್ಯವೆಂದರೆ, ನೀರಿನ ಆರೋಗ್ಯ ಅಳೆಯುವವರು ದಶಕಗಳ ಕಾಲ ಅದನ್ನು ಎಣಿಸುತ್ತಲೇ ಬಂದರು. 2006ರಲ್ಲಿ ಅದರ ಜೀನನ್ನು ಓದಿದಾಗ ಲೆಕ್ಕ ತಪ್ಪಿತು. ಪಶ್ಚಿಮ ಯುರೋಪಿನ ಮಾದರಿಗಳು ಏಳು ಬೇರೆಬೇರೆ ಗುಂಪುಗಳಾಗಿ ಒಡೆದುಕೊಂಡವು. ಓದಿದ್ದು ಸಿಒಐ ಎಂಬ ಜೀನನ್ನು. ಕೆನಡಾದ ಪಾಲ್ ಹೆಬರ್ಟ್ 2003ರಲ್ಲಿ ಪ್ರಾಣಿಗಳ ಬಾರ್‌ಕೋಡ್ ಎಂದು ಸೂಚಿಸಿದ್ದು ಇದರದೇ ತುಣುಕನ್ನು.

ಒಂದೇ ಎಂದು ಎಣಿಸಿದ್ದರಲ್ಲಿ ಹಲವು ಜಾತಿಗಳಿದ್ದರೆ, ಮಲಿನ ನೀರನ್ನು ಒಂದು ತಾಳಿಕೊಳ್ಳಬಹುದು, ಇನ್ನೊಂದು ತಾಳದೆ ಅಳಿಯಬಹುದು. ಎಣಿಕೆಯಲ್ಲಿ ಆ ಸಾವು ಕಾಣುವುದೇ ಇಲ್ಲ. ನನ್ನನ್ನು ಕಾಡುವುದು ಈ ಮಾತು.

ಹಾಗಾದರೆ ಏಳರಲ್ಲಿ ಪಿಕ್ಟೆ ಕಂಡದ್ದು ಯಾವುದನ್ನು? ಜೀನ್ ಇದಕ್ಕೆ ಉತ್ತರ ಹೇಳಲಾರದು. ಹೆಸರು ಅಂಟಿಕೊಂಡಿರುವುದು ಒಂದು ದೇಹಕ್ಕೆ, ಸಂಗ್ರಹಾಲಯದಲ್ಲಿ ಕಾಪಿಟ್ಟ ಮೂಲ ಮಾದರಿಗೆ. ಇಲ್ಲಿ ಆ ಮೂಲವೇ ಇರಲಿಲ್ಲ. 2008ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನ ಗತ್ತೋಲಿಯಾ ಮತ್ತು ಸಾರ್ತೋರಿ ಪಿಕ್ಟೆಯ ಸೀಮೆಯದೇ ಕೀಟವೊಂದನ್ನು ಹೊಸ ಮೂಲ ಮಾದರಿಯಾಗಿ ಆರಿಸಿ, ಜಾತಿಯನ್ನು ಮತ್ತೆ ವರ್ಣಿಸಿದರು. ನೂರ ಅರವತ್ತೈದು ವರ್ಷಗಳ ಮೇಲೆ ಹೆಸರಿಗೆ ಮತ್ತೆ ಮೈ ಸಿಕ್ಕಿತು.

ವರ್ಣನೆ ಎಂದರೆ ಸಣ್ಣ ಕೆಲಸವಲ್ಲ. ಕೆಲವೇ ಮಿಲಿಮೀಟರ್ ಉದ್ದದ ಮರಿಯ ತುಟಿ, ದವಡೆ, ಕಾಲು, ಉಗುರುಗಳನ್ನು ಸೂಜಿಯ ಮೊನೆಯಲ್ಲಿ ಬಿಡಿಸಿ ಗಾಜಿನ ಮೇಲೆ ಕೂರಿಸಬೇಕು. ತುಟಿಯಂಚಿನ ಬಿರುಗೂದಲು ಎಷ್ಟು, ಉಗುರಿನ ಹಲ್ಲು ಎಷ್ಟು, ಎಣಿಸಬೇಕು. ರೋಡಾನಿಯ ಕಿವಿರಿನ ಅಂಚಿನಲ್ಲಿ ಸಣ್ಣ ಮುಳ್ಳುಗಳಿವೆ. ಅವನ್ನು ನೋಡದೆ ಗುರುತು ಹೇಳುವಂತಿಲ್ಲ.

ಮೊದಲೆಲ್ಲ ಜೀನಿಗಾಗಿ ಕೀಟವನ್ನೋ ಅದರ ಕಾಲನ್ನೋ ಅರೆಯುತ್ತಿದ್ದರು. ಈಗ ಹಲವು ಪ್ರಯೋಗಾಲಯಗಳಲ್ಲಿ ಒಳಗಿನ ಮಾಂಸವನ್ನಷ್ಟೇ ಕರಗಿಸಿ ಡಿಎನ್‌ಎ ತೆಗೆಯುತ್ತಾರೆ. ಹೊರಗವಚ ಮುಕ್ಕಾಗದೆ ಉಳಿಯುತ್ತದೆ. ಕಿವಿರು, ಮುಳ್ಳು, ಬಾಲ ಎಲ್ಲವೂ ಇರುವ ಆ ಪಾರದರ್ಶಕ ಸಿಪ್ಪೆ ಗಾಜಿನ ಮೇಲೆ ಮಲಗುತ್ತದೆ, ಪಕ್ಕದ ಚೀಟಿಯಲ್ಲಿ ಅದರದೇ ಜೀನಿನ ಸಂಖ್ಯೆ.